ನಮ್ಮ ರೀಪ್ಲೇ ವಾಪಸ್ ಕೊಡಿ: ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್‌ಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಮಂಡಳಿ ಸದಸ್ಯರು,
ದಿ ಫುಟ್ಬಾಲ್ ಅಸೋಸಿಯೇಷನ್,
ವೆಂಬ್ಲಿ ಸ್ಟೇಡಿಯಂ, ಲಂಡನ್.

ವಿಷಯ: ಎಫ್ಎ ಕಪ್‌ನಿಂದ ರೀಪ್ಲೇ ತೆಗೆದುಹಾಕಿರೋದು, ಬಿಷಪ್ ಆಕ್ಲೆಂಡ್‌ನಂಥ ಸಣ್ಣೂರ ಕ್ಲಬ್‌ಗಳ ಪರವಾಗಿ ಒಂದು ಅಹವಾಲು.

ಮಾನ್ಯರೇ,

2024ರ ಏಪ್ರಿಲ್‌ನಲ್ಲಿ ನೀವು ಪ್ರೀಮಿಯರ್ ಲೀಗ್‌ನವರ ಜೊತೆ ಒಂದು ಒಪ್ಪಂದ ಮಾಡ್ಕೊಂಡು, 2024-25ರ ಸೀಸನ್ನಿಂದ ಸಣ್ಣ ಕ್ಲಬ್ ದೊಡ್ಡ ಕ್ಲಬ್ ಎಲ್ಲ ಸೇರಿ ಆಡೋ ಎಫ್ಎ ಕಪ್‌ನ ಮೊದಲನೇ ಸುತ್ತಿಂದ ಮುಂದಕ್ಕೆ ರೀಪ್ಲೇನೇ ಇರಲ್ಲ, ಅಂದ್ರೆ ಡ್ರಾ ಆದ ಮ್ಯಾಚನ್ನ ಇನ್ನೊಂದು ತಂಡದ ಮೈದಾನದಲ್ಲಿ ಮತ್ತೆ ಆಡೋ ಪದ್ಧತಿ ಇರಲ್ಲ ಅಂತ ಅನೌನ್ಸ್ ಮಾಡಿದ್ರಿ. ಡ್ರಾ ಆದ್ರೆ ಅವತ್ತೇ ಎಕ್ಸ್‌ಟ್ರಾ ಟೈಮ್, ಆಮೇಲೆ ಪೆನಾಲ್ಟಿ, ಕಥೆ ಮುಗೀತು. ಅದರ ಬದಲಿಗೆ ತಳಮಟ್ಟದ ಫುಟ್ಬಾಲ್‌ಗೆ ವರ್ಷಕ್ಕೆ 33 ಮಿಲಿಯನ್ ಪೌಂಡ್‌ವರೆಗೆ ಹೆಚ್ಚುವರಿ ದುಡ್ಡು ಬರುತ್ತೆ ಅಂದ್ರಿ. ಅದಾದ ಕೂಡಲೇ, ಪ್ರೀಮಿಯರ್ ಲೀಗ್ ಕೆಳಗಿನ ಮೂರು ಡಿವಿಷನ್ ನಡೆಸೋ ಇಂಗ್ಲಿಷ್ ಫುಟ್ಬಾಲ್ ಲೀಗ್‌ನವರು ಇದು ನೀವಿಬ್ಬರೇ ಕೂತು ಮಾಡ್ಕೊಂಡಿದ್ದು, ನಮ್ಮನ್ನ ಕೇಳಿಲ್ಲ ಅಂತ ಹೇಳಿಕೆ ಕೊಟ್ರು, ಇಲ್ಲ ಚರ್ಚೆ ಆಗಿತ್ತು ಅಂತ ನೀವಂದ್ರಿ. ದೊಡ್ಡವರ ಆ ಜಗಳಕ್ಕೆ ನಾನು ಬರಲ್ಲ. ಲೀಗ್‌ನಲ್ಲಿರೋ 72 ಕ್ಲಬ್‌ಗಳೇ ನಮ್ಮನ್ನ ಕೇಳಿಲ್ಲ ಅನ್ನುವಾಗ ಅದಕ್ಕಿಂತ ಕೆಳಗಿರೋ ನಾನ್-ಲೀಗ್ ಕ್ಲಬ್‌ಗಳನ್ನ ಯಾರು ಕೇಳಿರ್ತಾರೆ ಹೇಳಿ, ನಾನು ಬರೀತಿರೋದು ಅವರ ಬಗ್ಗೆ.

ನಾನು ಕೌಂಟಿ ಡರ್ಹಮ್‌ನಲ್ಲಿ ಮನೆ ಮಾಡ್ಕೊಂಡಿರೋ ಕನ್ನಡಿಗ, ಬಿಷಪ್ ಆಕ್ಲೆಂಡ್ ಕ್ಲಬ್‌ನ ಸಾಮಾನ್ಯ ಅಭಿಮಾನಿ. ಕ್ಲಬ್‌ನ ಪದಾಧಿಕಾರಿ ಅಲ್ಲ, ಅವರ ಪರವಾಗಿ ಮಾತಾಡೋ ಅಧಿಕಾರಾನೂ ನನಗಿಲ್ಲ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಪೋಸ್ಟ್‌ನಲ್ಲಿ ಬರುತ್ತೆ. ಕನ್ನಡದಲ್ಲೂ ಯಾಕೆ ಹಾಕ್ತಿದೀನಿ ಅಂದ್ರೆ ಬೆಂಗಳೂರು ಮಂಗಳೂರಲ್ಲಿ ಶನಿವಾರ ಭಾನುವಾರ ರಾತ್ರಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡೋ ಹುಡುಗರು ಸಾವಿರಾರು ಜನ ಇದಾರೆ, ಅವರ ಸಬ್‌ಸ್ಕ್ರಿಪ್ಷನ್ ದುಡ್ಡೂ ಕೊನೆಗೆ ಇದೇ ವ್ಯವಸ್ಥೆಗೇ ಬರೋದು, ಆದ್ರೆ ಆ ಲೀಗ್ ಕೆಳಗೆ ಏನಿದೆ ಅಂತ ಅವರಿಗೆ ಯಾರೂ ತೋರಿಸಲ್ಲ. ಅವರೂ ಓದ್ಲಿ.

ಬಿಷಪ್ ಆಕ್ಲೆಂಡ್ ಅಂದ್ರೆ ವೇರ್ ನದಿ ದಂಡೆ ಮೇಲಿನ ಒಂದು ಸಣ್ಣ ಪಟ್ಟಣ. ಡರ್ಹಮ್ ಬಿಷಪ್‌ಗಳ ಅರಮನೆ ಆಗಿದ್ದ ಆಕ್ಲೆಂಡ್ ಕ್ಯಾಸಲ್ ಇಲ್ಲೇ ಇರೋದು, ಸುತ್ತ ಹಿಂದೆಲ್ಲ ಕಲ್ಲಿದ್ದಲು ಗಣಿಗಳು. ಲಾರೆಲ್ ಹಾರ್ಡಿ ಜೋಡಿಯ ಸ್ಟ್ಯಾನ್ ಲಾರೆಲ್ ಚಿಕ್ಕವನಿದ್ದಾಗ ಸ್ವಲ್ಪ ಕಾಲ ಈ ಊರಲ್ಲಿದ್ದ, ಅವರಪ್ಪ ಇಲ್ಲಿನ ಥಿಯೇಟರ್ ನಡೆಸ್ತಿದ್ರು, ಅವನ ಪ್ರತಿಮೆ ಈಗಲೂ ಪೇಟೆ ಹತ್ರ ನಿಂತಿದೆ. ಫುಟ್ಬಾಲ್ ಈ ಊರಿಗೆ ಬಂದ ದಾರಿ ಸ್ವಲ್ಪ ವಿಚಿತ್ರ. ಬಿಷಪ್ಪರ ಹತ್ರ ಧರ್ಮಶಾಸ್ತ್ರ ಓದೋಕೆ ಆಕ್ಸ್‌ಫರ್ಡ್ ಕೇಂಬ್ರಿಡ್ಜ್‌ನಿಂದ ಬಂದಿದ್ದ ಹುಡುಗರು 1882ರಲ್ಲಿ ಚರ್ಚ್ ಇನ್‌ಸ್ಟಿಟ್ಯೂಟ್ ಹೆಸರಲ್ಲಿ ಒಂದು ತಂಡ ಕಟ್ಟಿದ್ರು, ಎರಡೂ ಯೂನಿವರ್ಸಿಟಿಗಳ ಬಣ್ಣ ಸೇರಿಸಿ ತಿಳಿ ನೀಲಿ ಕಡು ನೀಲಿ ಜರ್ಸಿ ಹಾಕ್ಕೊಂಡ್ರು, ಅದಕ್ಕೇ ಇವತ್ತಿಗೂ ಈ ಕ್ಲಬ್‌ಗೆ ಟೂ ಬ್ಲೂಸ್ ಅಂತಾನೇ ಹೆಸರು. 1886ರಲ್ಲಿ ಏನೋ ಜಗಳ ಆಗಿ ಒಡೆದು ಆಕ್ಲೆಂಡ್ ಟೌನ್ ಅಂತ ಬೇರೆ ತಂಡ ಹುಟ್ಟಿತು, ಅದೇ ಮುಂದೆ ಬಿಷಪ್ ಆಕ್ಲೆಂಡ್ ಆಗಿದ್ದು. ಫುಟ್ಬಾಲ್ ಲೀಗ್ ಶುರುವಾದ ಮರುವರ್ಷ, ಅಂದ್ರೆ 1889ರಲ್ಲಿ, ನಾರ್ದರ್ನ್ ಲೀಗ್ ಶುರುವಾದಾಗ ಅದರ ಸ್ಥಾಪಕರಲ್ಲಿ ಇವರೂ ಒಬ್ಬರು.

ಅಲ್ಲಿಂದ ಆಚೆಗೆ ಈ ಕ್ಲಬ್ ಏನು ಮಾಡ್ತು ಅನ್ನೋದು ನಿಮ್ಮದೇ ದಾಖಲೆಯಲ್ಲಿದೆ. 1893-94ರಲ್ಲಿ ನೀವೇ ಶುರು ಮಾಡಿದ ಎಫ್ಎ ಅಮೆಚೂರ್ ಕಪ್, ಅಂದ್ರೆ ದುಡ್ಡು ತಗೊಳ್ಳದೆ ಆಡೋರ ಕಪ್, ಅದನ್ನ ಬಿಷಪ್ ಆಕ್ಲೆಂಡ್ 10 ಸಲ ಗೆದ್ದಿದೆ. 1896, 1900, 1914, 1921, 1922, 1935, 1939, ಆಮೇಲೆ 1955, 56, 57 ಸತತ ಮೂರು. ಇನ್ನೂ 8 ಸಲ ಫೈನಲ್‌ಗೆ ಹೋಗಿ ಸೋತಿದೆ. ಅವರ ನಂತರದ ಸ್ಥಾನದಲ್ಲಿರೋ ಕ್ಲಾಪ್ಟನ್ ಮತ್ತು ಕ್ರೂಕ್ ಟೌನ್ ಗೆದ್ದಿದ್ದು ತಲಾ ಐದು. ಈ ಕ್ರೂಕ್ ಇರೋದು ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ಒಂದೇ ಜಿಲ್ಲೆ, ಗಣಿ ಪಕ್ಕದ ಗಣಿ.

ಸೋತ ಫೈನಲ್‌ಗಳ ಬಗ್ಗೆ ಹೇಳದೆ ಹೋದ್ರೆ ಮಜಾನೇ ಬರಲ್ಲ. 1950ರಲ್ಲಿ ವೆಂಬ್ಲಿಗೆ ಹೋಗಿ ಪಕ್ಕದೂರು ವಿಲ್ಲಿಂಗ್ಟನ್ ಕೈಲಿ 4-0 ಏಟು ತಿಂದ್ರು. 1951ರಲ್ಲಿ ಮತ್ತೆ ವೆಂಬ್ಲಿ, ಒಂದು ಲಕ್ಷ ಜನ, ಎದುರಿಗೆ ಪೆಗಾಸಸ್ ಅನ್ನೋ ತಂಡ, ಅದು ಯಾರದ್ದು ಗೊತ್ತಾ, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಹುಡುಗರದ್ದು! ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಹುಡುಗರು ಹುಟ್ಟಿಸಿದ ತಂಡಾನ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಹುಡುಗರೇ ಬಂದು 2-1ಕ್ಕೆ ಸೋಲಿಸಿದ್ರು. 1954ರಲ್ಲಿ ಕ್ರೂಕ್ ಟೌನ್ ವಿರುದ್ಧ, ಮತ್ತೆ ಒಂದು ಲಕ್ಷ ಜನ, 2-2 ಡ್ರಾ. ರೀಪ್ಲೇ ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ, ಅಲ್ಲೂ 2-2. ಇನ್ನೊಂದು ರೀಪ್ಲೇ ಮಿಡಲ್ಸ್‌ಬರೋದ ಏರ್ಸಮ್ ಪಾರ್ಕ್‌ನಲ್ಲಿ, ಅಲ್ಲಿ ಕ್ರೂಕ್ 1-0. ಎರಡು ಸಣ್ಣ ಊರುಗಳು ಒಂದು ಕಪ್‌ಗೆ ಮೂರು ದೊಡ್ಡ ಮೈದಾನಗಳನ್ನ ಸುತ್ತಿದ್ವು ಸ್ವಾಮಿ. ಈಗಿನ ಲೆಕ್ಕದಲ್ಲಾದ್ರೆ ಅದು ವೆಂಬ್ಲಿಯಲ್ಲೇ ಪೆನಾಲ್ಟಿ ಒದ್ದು ಸಂಜೆ ಟೀ ಹೊತ್ತಿಗೆ ಮುಗಿದುಹೋಗಿರೋದು, ಅದರ ಬಗ್ಗೆ ಇವತ್ತು ಯಾರೂ ಮಾತಾಡ್ತಾನೂ ಇರ್ತಿರಲಿಲ್ಲ.

ಈಗ ಮುಖ್ಯವಾದ ಮಾತು, 1954-55ರ ಎಫ್ಎ ಕಪ್. ಎರಡನೇ ಸುತ್ತಲ್ಲಿ ಲಂಡನ್ನಿಗೆ ಹೋಗಿ ಕ್ರಿಸ್ಟಲ್ ಪ್ಯಾಲೆಸ್‌ನ ಅವರ ಮೈದಾನದಲ್ಲೇ 4-2ಕ್ಕೆ ಸೋಲಿಸಿದ ಬಿಷಪ್ ಆಕ್ಲೆಂಡ್‌ಗೆ ಮೂರನೇ ಸುತ್ತಲ್ಲಿ ಸಿಕ್ಕಿದ್ದು ಇಪ್ಸ್‌ವಿಚ್ ಟೌನ್, ಆಗ ಎರಡನೇ ಡಿವಿಷನ್ ತಂಡ, ಎಲ್ಲರೂ ಸಂಬಳಕ್ಕೆ ಆಡೋರು. ಇಪ್ಸ್‌ವಿಚ್‌ನಲ್ಲಿ 2-2 ಡ್ರಾ. ವಾರದ ಮಧ್ಯೆ ರೀಪ್ಲೇ ಬಿಷಪ್ ಆಕ್ಲೆಂಡ್‌ನ ಕಿಂಗ್ಸ್‌ವೇ ಮೈದಾನಕ್ಕೆ ಬಂತು, ಮೇಷ್ಟ್ರುಗಳು ಆಫೀಸ್ ನೌಕರರು ಇದ್ದ ಆ ತಂಡ 3-0ಗೆ ಗೆದ್ದುಬಿಡ್ತು. ನಾಲ್ಕನೇ ಸುತ್ತಲ್ಲಿ ಯಾರ್ಕ್ ಸಿಟಿ ಕೈಲಿ 3-1ಕ್ಕೆ ಸೋತ್ರು, ಅದೇ ಯಾರ್ಕ್ ಆ ವರ್ಷ ಸೆಮಿಫೈನಲ್‌ವರೆಗೂ ಹೋಗಿತ್ತು, ಹಾಗಾಗಿ ಅದರಲ್ಲೇನೂ ಅವಮಾನ ಇಲ್ಲ.

ಆ ಕಿಂಗ್ಸ್‌ವೇ ಮೈದಾನ ಹೇಗಿತ್ತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಊರಿನ ಕ್ರಿಕೆಟ್ ಕ್ಲಬ್ ಜೊತೆ ಹಂಚ್ಕೊಂಡಿದ್ದ ಜಾಗ. ಮೂರು ಕಡೆ ಜನ ನಿಲ್ಲೋರು, ನಾಲ್ಕನೇ ಕಡೆ ಕ್ರಿಕೆಟ್ ಮೈದಾನ. ಅಂಥಾ ಜಾಗಕ್ಕೆ ಎರಡನೇ ಡಿವಿಷನ್ ತಂಡ ಬಸ್ಸಿಳಿದು ಬರಬೇಕಾಗಿ ಬಂತಲ್ಲ, ರೀಪ್ಲೇ ಅಂದ್ರೆ ಅದು. ನೀವು ಅದನ್ನ ಕ್ಯಾಲೆಂಡರ್‌ನಲ್ಲಿ ಒಂದು ಹೆಚ್ಚುವರಿ ತಾರೀಖು ಅಂತ ನೋಡ್ತೀರ. ಇಲ್ಲಿಯವರಿಗೆ ಅದು ದೊಡ್ಡ ತಂಡಾನ ತಮ್ಮ ಊರಿಗೆ ಕರೆಸ್ಕೊಳ್ಳೋ ಹಕ್ಕು, ದೊಡ್ಡವರ ಮನೇಲಿ ಹೋಗಿ ಸೋಲದೆ ಬಂದಿದ್ದಕ್ಕೆ ಸಿಗೋ ಬಹುಮಾನ. ಪೆನಾಲ್ಟಿ ಶೂಟೌಟ್‌ನಲ್ಲಿ ಇಪ್ಸ್‌ವಿಚ್‌ನಲ್ಲೇ ಗೆದ್ದಿದ್ರೂ ಆ ಮಧ್ಯಾಹ್ನ ಈ ಊರಿಗೆ ಸಿಗ್ತಿರಲಿಲ್ಲ.

ಆ ತಂಡದಲ್ಲಿದ್ದೋರ ಬಗ್ಗೆ ಸ್ವಲ್ಪ ಹೇಳ್ಬೇಕು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ. ಗೋಲ್‌ಕೀಪರ್ ಹ್ಯಾರಿ ಶರಟ್ ಸ್ಕೂಲ್ ಮೇಷ್ಟ್ರು, ಹಿಮ ಬಿದ್ದಿದ್ದ ದಿನ ಚೆಂಡು ತನ್ನ ಕಡೆ ಬರ್ತಾನೇ ಇಲ್ಲ ಅಂತ ಬೇಜಾರಾಗಿ ಗೋಲ್ ಲೈನ್ ಮೇಲೆ ಹಿಮದ ಗೊಂಬೆ ಮಾಡ್ಕೊಂಡು ಕೂತಿದ್ದ, ರೆಫರಿ ಹೆಸರು ಬರ್ಕೊಂಡ್ರು ಅಂತ ಇಲ್ಲಿ ಹಳಬರು ಇವತ್ತಿಗೂ ಹೇಳ್ತಾರೆ. ಸೀಮಸ್ ಓಕಾನೆಲ್ ಕಾರ್ಲೈಲ್ ಕಡೆಯ ದನದ ವ್ಯಾಪಾರಿ ಮನೆ ಹುಡುಗ, ಬಿಷಪ್ ಆಕ್ಲೆಂಡ್‌ಗೂ ಆಡ್ತಿದ್ದ, ಅಮೆಚೂರ್ ಆಗೇ ಉಳ್ಕೊಂಡು ಚೆಲ್ಸಿಗೂ ಆಡ್ತಿದ್ದ. 1954ರ ಅಕ್ಟೋಬರ್‌ನಲ್ಲಿ ಚೆಲ್ಸಿ ಪರ ಮೊದಲನೇ ಮ್ಯಾಚಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಹ್ಯಾಟ್ರಿಕ್ ಹೊಡೆದ, ಚೆಲ್ಸಿ ಆದ್ರೂ 5-6ಕ್ಕೆ ಸೋತಿತು, ಆ ಸೀಸನ್ನಿನ ಲೀಗ್ ಮಾತ್ರ ಚೆಲ್ಸಿನೇ ಗೆದ್ದಿದ್ದು. ಇವತ್ತು ಚೆಲ್ಸಿ ಜರ್ಸಿ ಹಾಕ್ಕೊಂಡು ಓಡಾಡೋ ನಮ್ಮ ಬೆಂಗಳೂರು ಹುಡುಗರಿಗೆ ಇದು ಹೊಸ ಸುದ್ದಿ ಆಗಿರಬಹುದು.

ಮತ್ತೆ ಬಾಬ್ ಹಾರ್ಡಿಸ್ಟಿ. ನಮ್ಮ ಕಡೆಯವರಿಗೆ ಇವನ ಹೆಸರು ಗೊತ್ತಿರಬೇಕಾದ ಕಾರಣ ಒಂದಿದೆ. 1948ರ ಲಂಡನ್ ಒಲಿಂಪಿಕ್ಸ್, ಜುಲೈ 31, ಸ್ವತಂತ್ರ ಭಾರತದ ತಂಡ ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಅನ್ನೋ ಸಣ್ಣ ಮೈದಾನದಲ್ಲಿ ಫ್ರಾನ್ಸ್ ವಿರುದ್ಧ ಇಳೀತು, ಎಷ್ಟೋ ಜನ ಬರಿಗಾಲಲ್ಲಿ. ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲ್ ಹೊಡೆದ್ರು, ಆದ್ರೆ ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿನೂ ಮಿಸ್ ಆಗಿ 2-1ಕ್ಕೆ ಸೋತ್ವಿ. ಇವತ್ತು ಆ ಮೈದಾನದಲ್ಲಿ ಆಡೋದು ಒಂದು ನಾನ್-ಲೀಗ್ ಕ್ಲಬ್. ನಮ್ಮನ್ನ ಸೋಲಿಸಿ ಮುಂದೆ ಹೋದ ಫ್ರಾನ್ಸ್‌ಗೆ ಮುಂದಿನ ಸುತ್ತಲ್ಲಿ ಸಿಕ್ಕಿದ್ದು ಗ್ರೇಟ್ ಬ್ರಿಟನ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ ಅದರ ಮ್ಯಾನೇಜರ್. ಲಂಡನ್ನಿನ ಕ್ರೇವನ್ ಕಾಟೇಜ್ ಮೈದಾನದಲ್ಲಿ ಬ್ರಿಟನ್ 1-0 ಗೆಲ್ತು, ಆ ಒಂದು ಗೋಲ್ ಹೊಡೆದಿದ್ದು ಬಿಷಪ್ ಆಕ್ಲೆಂಡ್‌ನ ಬಾಬ್ ಹಾರ್ಡಿಸ್ಟಿ. ಭಾರತದ ಲೆಕ್ಕ ಚುಕ್ತಾ ಮಾಡಿದ್ದು ಈ ಗಣಿ ಊರಿನ ಆಟಗಾರ ಅಂತ ನಾನು ಇಲ್ಲಿನ ಹಳಬರಿಗೆ ಹೇಳಿದ್ರೆ ನಗ್ತಾರೆ, ಅವರಿಗೆ ಇಲ್‌ಫರ್ಡ್ ಕಥೆ ಗೊತ್ತಿಲ್ಲ, ನಮ್ಮವರಿಗೆ ಹಾರ್ಡಿಸ್ಟಿ ಗೊತ್ತಿಲ್ಲ. ಅದಿರ್ಲಿ, ಎರಡು ಪೆನಾಲ್ಟಿ ಒಂದು ಮ್ಯಾಚಿನ ಹಣೆಬರಹ ಬರೆದ್ರೆ ಎಷ್ಟು ವರ್ಷ ಉರಿಯುತ್ತೆ ಅಂತ ನಮಗೆ ಯಾರೂ ಹೇಳ್ಕೊಡ್ಬೇಕಿಲ್ಲ.

ಆ ಬಸ್ಬಿ ಪರಿಚಯಾನೇ ಹತ್ತು ವರ್ಷ ಆದ್ಮೇಲೆ ಕೆಲಸಕ್ಕೆ ಬಂದಿದ್ದು. 1958ರ ಫೆಬ್ರವರಿ 6, ಮ್ಯೂನಿಕ್‌ನಲ್ಲಿ ವಿಮಾನ ಬಿತ್ತು, ಮ್ಯಾಂಚೆಸ್ಟರ್ ಯುನೈಟೆಡ್‌ನ ಎಂಟು ಆಟಗಾರರು ಹೋದ್ರು, ಬಸ್ಬಿ ಆಸ್ಪತ್ರೆಯಲ್ಲಿ. ಉಳಿದ ಹುಡುಗರನ್ನೆಲ್ಲ ಮೊದಲನೇ ತಂಡಕ್ಕೆ ಎಳ್ಕೊಂಡ್ಮೇಲೆ ರಿಸರ್ವ್ ತಂಡ ನಡೆಸೋಕೆ ಆಟಗಾರರೇ ಇಲ್ಲ. ಆಗ ಬಿಷಪ್ ಆಕ್ಲೆಂಡ್‌ನಿಂದ ಮೂರು ಜನ ಹೋದ್ರು, ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರಾಡ್ಲಿ. ಹಾರ್ಡಿಸ್ಟಿಗೆ ಆಗ 37 ವಯಸ್ಸು. ಬ್ರಾಡ್ಲಿ ಸ್ಕೂಲ್ ಮೇಷ್ಟ್ರು, ಅವರು ಅಲ್ಲೇ ಉಳ್ಕೊಂಡು ಮೊದಲನೇ ತಂಡಕ್ಕೆ ಬಂದು 1959ರಲ್ಲಿ ಇಂಗ್ಲೆಂಡಿಗೂ ಮೂರು ಮ್ಯಾಚ್ ಆಡಿದ್ರು. ಜಗತ್ತಲ್ಲೇ ದೊಡ್ಡ ಕ್ಲಬ್ ಅಂತ ಇವತ್ತು ಹೇಳ್ಕೊಳ್ಳೋ ಒಂದು ಕ್ಲಬ್ ಎದ್ದು ನಿಲ್ಲೋಕೆ ಆಗದಾಗ ಹೆಗಲು ಕೊಟ್ಟಿದ್ದು ಈ ಊರು. ಯುನೈಟೆಡ್ ಅದನ್ನ ಮರೆತಿಲ್ಲ ಅನ್ನೋದನ್ನೂ ಹೇಳ್ಬೇಕು. 1996ರಲ್ಲಿ ಒಂದು ಇಂಜುರಿ ಕೇಸಿನ ಪರಿಹಾರ ಕಟ್ಟೋಕಾಗದೆ ಬಿಷಪ್ ಆಕ್ಲೆಂಡ್ ಮುಳುಗೋ ಸ್ಥಿತಿಗೆ ಬಂದಾಗ ಯುನೈಟೆಡ್ ಬಂದು ಸಹಾಯಕ್ಕೆ ಒಂದು ಫ್ರೆಂಡ್ಲಿ ಆಡ್ತು, ಆಮೇಲೆ ಹೊಸ ಮೈದಾನಕ್ಕೆ ಫ್ಲಡ್‌ಲೈಟ್ ಕೊಡ್ತು. ದೊಡ್ಡ ಕ್ಲಬ್‌ಗಳೆಲ್ಲ ಕೆಟ್ಟವು ಅನ್ನೋ ಪತ್ರ ಇದಲ್ಲ. ಆದ್ರೆ ಪ್ರತಿ ಸಣ್ಣ ಕ್ಲಬ್‌ಗೂ ಒಂದು ಮ್ಯೂನಿಕ್ ಋಣ ಇರಲ್ಲ ತಾನೇ, ಋಣ ಇಲ್ಲದವರಿಗೆ ಬೇಕಾಗಿರೋದು ನಿಯಮ, ಆ ನಿಯಮ ಇರೋದು ನಿಮ್ಮ ಕೈಲಿ.

ನಿಮ್ಮ ನಿರ್ಧಾರದಿಂದ ಈ ಕ್ಲಬ್ಬಿನ ದಿಕ್ಕು ಬದಲಾಗಿದ್ದು ಇದೇ ಮೊದಲೇನಲ್ಲ. 1974ರಲ್ಲಿ ನೀವು ಅಮೆಚೂರ್, ಪ್ರೊಫೆಷನಲ್ ಅನ್ನೋ ವ್ಯತ್ಯಾಸಾನೇ ತೆಗೆದುಬಿಟ್ರಿ, ಅಮೆಚೂರ್ ಕಪ್ ಅವತ್ತಿಗೇ ಮುಗೀತು. ನಾನು ನ್ಯಾಯವಾಗಿ ಹೇಳ್ತೀನಿ, ಆ ನಿರ್ಧಾರ ಸರಿಯಾಗೇ ಇತ್ತು. ಅಮೆಚೂರ್ ಅನ್ನೋ ಹೆಸರಲ್ಲಿ ಎಷ್ಟೋ ಕಡೆ ಮ್ಯಾಚ್ ಮುಗಿದ್ಮೇಲೆ ಬೂಟಿನೊಳಗೆ ನೋಟು ಇಟ್ಟು ಕೊಡ್ತಿದ್ರು ಅನ್ನೋದು ಆಗ ಎಲ್ಲರಿಗೂ ಗೊತ್ತಿದ್ದ ಗುಟ್ಟು, ಆ ನಾಟಕ ನಿಲ್ಲಬೇಕಿತ್ತು. ಆದ್ರೆ ಆ ಕಪ್ ಜೊತೆ ವೆಂಬ್ಲಿ ತುಂಬಿಸ್ತಿದ್ದ ಊರುಗಳಿಗೆ ಬದಲಿಗೆ ಏನು ಕೊಟ್ರಿ? ಎಫ್ಎ ಟ್ರೋಫಿ, ಎಫ್ಎ ವಾಸ್ ಕೊಟ್ರಿ, ಸರಿ, ಒಳ್ಳೆ ಕಪ್‌ಗಳೇ. ಒಂದು ಲಕ್ಷ ಜನ ಮಾತ್ರ ಮತ್ತೆ ಬರಲಿಲ್ಲ. ಟಿವಿ ಬಂದಿದ್ದು, ಗಣಿ ಮುಚ್ಚಿದ್ದು, ಕೆಲಸ ಹುಡುಕ್ಕೊಂಡು ಹುಡುಗರು ಊರು ಬಿಟ್ಟಿದ್ದು ಎಲ್ಲಾ ಸೇರಿ ಆಗಿದ್ದು ಅದು, ಪೂರ್ತಿ ತಪ್ಪು ನಿಮ್ಮ ತಲೆಗೆ ಕಟ್ಟಲ್ಲ. ಅಮೆಚೂರ್ ಕಪ್ ಹೋದ್ಮೇಲೆ ಈ ಊರುಗಳಿಗೆ ದೊಡ್ಡ ಜಗತ್ತಿನ ಜೊತೆ ಉಳಿದಿದ್ದ ಒಂದೇ ಬಾಗಿಲು ಎಫ್ಎ ಕಪ್, ಅದರ ಅರ್ಧ ಬಾಗಿಲನ್ನ ನೀವು 2024ರಲ್ಲಿ ಮುಚ್ಚಿದ್ರಿ ಅನ್ನೋದೇ ನನ್ನ ದೂರು.

ಮಧ್ಯದ ವರ್ಷಗಳಲ್ಲಿ ಈ ಕ್ಲಬ್ ಪಟ್ಟ ಪಾಡು ಬೇರೆ. 2001ರಲ್ಲಿ ಕಿಂಗ್ಸ್‌ವೇ ಬಿಟ್ರು, 2010ರಲ್ಲಿ ಹೆರಿಟೇಜ್ ಪಾರ್ಕ್ ಅನ್ನೋ ಹೊಸ ಮೈದಾನ ರೆಡಿ ಆಗೋವರೆಗೂ ಸುಮಾರು ಒಂಬತ್ತು ವರ್ಷ ಸ್ವಂತ ಊರಲ್ಲಿ ಮೈದಾನ ಇಲ್ಲದೆ ಅಕ್ಕಪಕ್ಕದ ಊರುಗಳ ಮೈದಾನದಲ್ಲಿ ಹೋಮ್ ಮ್ಯಾಚ್ ಆಡಿದ್ರು. ಹತ್ತು ಸಲ ಅಮೆಚೂರ್ ಕಪ್ ಗೆದ್ದ ಕ್ಲಬ್ ಬಾಡಿಗೆ ಮೈದಾನದಲ್ಲಿ! ಆದ್ರೂ ಸಾಯಲಿಲ್ಲ, ಅದಕ್ಕೆ ಕಾರಣ ಯಾವ ಮಾಲೀಕನೂ ಅಲ್ಲ, ಅಲ್ಲಿ ಗೇಟ್‌ನಲ್ಲಿ ಟಿಕೆಟ್ ಹರಿಯೋರು, ಟೀ ಕೌಂಟರ್‌ನಲ್ಲಿ ನಿಲ್ಲೋರು, ರಾಫಲ್ ಚೀಟಿ ಮಾರೋರು, ಸೋಮವಾರ ಬಂದು ಹುಲ್ಲು ನೋಡ್ಕೊಳ್ಳೋರು. ನಾನು ಹೆರಿಟೇಜ್ ಪಾರ್ಕ್‌ನಲ್ಲಿ ನೋಡೋದು ಇದನ್ನೇ, ಮಳೆ ಬಂದ ಶನಿವಾರ ಮ್ಯಾಚ್ ಕ್ಯಾನ್ಸಲ್ ಆದ್ರೆ ಇವರ ಮುಖದಲ್ಲಿ ಆಟ ತಪ್ಪಿತಲ್ಲ ಅನ್ನೋ ಬೇಜಾರಿಗಿಂತ ಅವತ್ತಿನ ಗೇಟ್ ಕಲೆಕ್ಷನ್ ಹೋಯ್ತಲ್ಲ ಅನ್ನೋ ಲೆಕ್ಕಾಚಾರ ಜಾಸ್ತಿ ಕಾಣುತ್ತೆ. ಕೆಲವು ನೂರು ಜನ ಬರೋ ಕ್ಲಬ್‌ಗೆ ಒಂದು ಶನಿವಾರ ಅಂದ್ರೆ ಅಷ್ಟು. ಅಂಥವರಿಗೆ ಲೀಗ್ ಕ್ಲಬ್ ವಿರುದ್ಧ ಒಂದು ರೀಪ್ಲೇ ಸಿಕ್ಕಿದ್ರೆ, ಗೇಟ್ ದುಡ್ಡಿನಲ್ಲಿ ಪಾಲು, ಟಿವಿಯವರು ಬಂದ್ರೆ ಆ ದುಡ್ಡು, ಎಲ್ಲ ಸೇರಿ ಛಾವಣಿ ರಿಪೇರಿಯಿಂದ ಹಿಡಿದು ಹುಡುಗರ ಅಕಾಡೆಮಿವರೆಗೆ ಎಷ್ಟು ಕೆಲಸ ಆಗುತ್ತೆ ಅಂತ ನಿಮ್ಮ ಅಕೌಂಟ್ಸ್ ವಿಭಾಗದವರನ್ನೇ ಕೇಳಿ.

ಇದು ಬರೀ ಒಂದೂರಿನ ಹಳೇ ನೆನಪಲ್ಲ. 1972ರಲ್ಲಿ ನಾನ್-ಲೀಗ್ ಮಟ್ಟದ ಸದರ್ನ್ ಲೀಗ್‌ನ ಹೆರೆಫರ್ಡ್ ತಂಡ ನ್ಯೂಕಾಸಲ್‌ಗೆ ಹೋಗಿ 2-2 ಡ್ರಾ ಮಾಡ್ಕೊಂಡು ಬಂತು, ಆ ರೀಪ್ಲೇ ಇದ್ದಿದ್ದಕ್ಕೇ ತಾನೇ ಫೆಬ್ರವರಿ 5ರಂದು ಅವರ ಮೈದಾನ ಎಡ್ಗರ್ ಸ್ಟ್ರೀಟ್‌ನ ಕೆಸರಲ್ಲಿ ರಾನಿ ರ‍್ಯಾಡ್‌ಫರ್ಡ್ ದೂರದಿಂದ ಹೊಡೆದ ಆ ಗೋಲ್ ಆಗಿದ್ದು, ಹೆರೆಫರ್ಡ್ ಎಕ್ಸ್‌ಟ್ರಾ ಟೈಮಲ್ಲಿ 2-1 ಗೆದ್ದಿದ್ದು, ಅದೇ ವರ್ಷ ಫುಟ್ಬಾಲ್ ಲೀಗ್‌ಗೆ ಆಯ್ಕೆ ಆಗಿದ್ದು. ನಿಮ್ಮ ಎಫ್ಎ ಕಪ್ ಪ್ರಚಾರದ ವಿಡಿಯೋಗಳಲ್ಲಿ ಆ ಗೋಲ್ ಇವತ್ತಿಗೂ ಓಡುತ್ತೆ, ಅಂಥದ್ದು ಮತ್ತೆ ಆಗೋಕೆ ಬೇಕಾದ ನಿಯಮ ಮಾತ್ರ ಬೇಡ. 1978ರಲ್ಲಿ ಬ್ಲೈತ್ ಸ್ಪಾರ್ಟನ್ಸ್ ಐದನೇ ಸುತ್ತಲ್ಲಿ ರೆಕ್ಸಮ್‌ನಲ್ಲಿ 1-1 ಮಾಡ್ಕೊಂಡು ಬಂತು, ರೀಪ್ಲೇಗೆ ತಮ್ಮ ಮೈದಾನ ಸಾಲದೆ ಸೇಂಟ್ ಜೇಮ್ಸ್ ಪಾರ್ಕ್‌ಗೆ ಹೋದ್ರೆ 42 ಸಾವಿರಕ್ಕೂ ಹೆಚ್ಚು ಜನ ಬಂದ್ರು, ಒಂದು ನಾನ್-ಲೀಗ್ ಕ್ಲಬ್‌ಗೋಸ್ಕರ. 2005ರ ಜನವರಿಯಲ್ಲಿ ಎಕ್ಸೆಟರ್ ಸಿಟಿ, ಆಗ ನಾನ್-ಲೀಗ್‌ನ ಕಾನ್ಫರೆನ್ಸ್‌ನಲ್ಲಿದ್ದ ಅಭಿಮಾನಿಗಳದ್ದೇ ಒಡೆತನದ ಕ್ಲಬ್, ಸಾಲದಲ್ಲಿ ಮುಳುಗಿತ್ತು, ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ 0-0 ಮಾಡ್ತು. ರೀಪ್ಲೇ ಸೋತ್ರು, ಆದ್ರೆ ಆ ಎರಡು ಮ್ಯಾಚ್ ತಂದ ದುಡ್ಡು ಕ್ಲಬ್ಬನ್ನ ಸಾಲದಿಂದ ಎತ್ತಿತು. ಅವತ್ತು ಓಲ್ಡ್ ಟ್ರಾಫರ್ಡ್‌ನಲ್ಲೇ ಪೆನಾಲ್ಟಿ ಒದ್ದು ಕಳಿಸಿದ್ರೆ? ಒಂದು ಮ್ಯಾಚಿನ ಪಾಲು ತಗೊಂಡು ಬಸ್ ಹತ್ತಬೇಕಿತ್ತು.

ನಿಮ್ಮ ವಾದ ನನಗೆ ಗೊತ್ತು. ಕ್ಯಾಲೆಂಡರ್ ತುಂಬಿಹೋಗಿದೆ, ಚಾಂಪಿಯನ್ಸ್ ಲೀಗ್ ದೊಡ್ಡದಾಗಿದೆ, ಆಟಗಾರರಿಗೆ ರೆಸ್ಟ್ ಬೇಕು. ಆಟಗಾರರ ಸುಸ್ತು ಸುಳ್ಳಲ್ಲ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ 2024ರ ಮೇ 19ಕ್ಕೆ ಪ್ರೀಮಿಯರ್ ಲೀಗ್ ಮುಗೀತು, ಮೇ 22ಕ್ಕೆ ಟಾಟನ್‌ಹ್ಯಾಮ್ ಮತ್ತು ನ್ಯೂಕಾಸಲ್ ಮೆಲ್ಬರ್ನ್‌ನಲ್ಲಿ ಫ್ರೆಂಡ್ಲಿ ಆಡ್ತಿದ್ರು! ನಿಮ್ಮ ಅನೌನ್ಸ್‌ಮೆಂಟ್ ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಹಾರೋಕೆ ಕಾಲಲ್ಲಿ ಶಕ್ತಿ ಇದೆ, ಜನವರಿ ತಿಂಗಳ ಮಂಗಳವಾರ ರಾತ್ರಿ ಒಂದು ಸಣ್ಣೂರಿಗೆ ಬಸ್ಸಲ್ಲಿ ಬರೋಕೆ ಇಲ್ಲ ಅಂದ್ರೆ ಅದನ್ನ ಸುಸ್ತು ಅಂತ ಒಪ್ಕೊಳ್ಳೋಕೆ ನನ್ನಿಂದಾಗಲ್ಲ. ಅದೂ ಅಲ್ಲದೆ ಮೊದಲ ಎರಡು ಸುತ್ತಲ್ಲಿ ಪ್ರೀಮಿಯರ್ ಲೀಗ್ ತಂಡಗಳೇ ಇರಲ್ಲ, ಅದರ ಕೆಳಗಿನ ಡಿವಿಷನ್ ಆದ ಚಾಂಪಿಯನ್‌ಶಿಪ್ ತಂಡಗಳೂ ಇರಲ್ಲ, ಅವರೆಲ್ಲ ಬರೋದು ಮೂರನೇ ಸುತ್ತಿಗೆ. ಹಾಗಿದ್ಮೇಲೆ ಚಾಂಪಿಯನ್ಸ್ ಲೀಗ್ ಆಡೋರ ರೆಸ್ಟಿಗೋಸ್ಕರ ನವೆಂಬರ್‌ನಲ್ಲಿ ನಾಲ್ಕನೇ ಹಂತದ ಲೀಗ್ ಟೂ ತಂಡಕ್ಕೂ ನಾನ್-ಲೀಗ್ ತಂಡಕ್ಕೂ ಆಗಬೇಕಾದ ರೀಪ್ಲೇ ಯಾಕೆ ಹೋಗ್ಬೇಕು? ಇದಕ್ಕೆ ನೀವು ಎಲ್ಲೂ ಸರಿಯಾಗಿ ಉತ್ತರ ಕೊಟ್ಟಿದ್ದನ್ನ ನಾನು ನೋಡಿಲ್ಲ.

ಆ 33 ಮಿಲಿಯನ್ ಬೇಡ ಅಂತಾನೂ ಅಲ್ಲ, ಮೈದಾನ ಬೇಕು, ಹುಡುಗಿಯರ ಫುಟ್ಬಾಲ್‌ಗೆ ಬೇಕು, ಎಲ್ಲ ಸರಿ. ಆದ್ರೆ ಮೇಲಿಂದ ಇಳಿಸಿ ಕೊಡೋ ಅನುದಾನ ಬೇರೆ, ಕಾಲಲ್ಲಿ ಒದ್ದು ಸಂಪಾದಿಸಿದ್ದು ಬೇರೆ. ಅರ್ಜಿ ಹಾಕಿ ಕಾಯೋ ದುಡ್ಡಿಗೆ ಯಾವ ಊರೂ ಸ್ಕೂಲ್ ರಜಾ ಹಾಕಿ ಬಂದು ನಿಲ್ಲಲ್ಲ.

ಇಲ್ಲಿಂದ ಎರಡು ಮೂರು ಮೈಲಿ ದೂರದ ವೆಸ್ಟ್ ಆಕ್ಲೆಂಡ್ ಅನ್ನೋ ಹಳ್ಳಿ ತಂಡ 1909ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಗಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಗೆದ್ಕೊಂಡು ಬಂತು. ಹೌದು, ನಾವು ಕುಡಿಯೋ ಟೀ ಪುಡಿಯ ಲಿಪ್ಟನ್ನೇ. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್‌ನ 6-1ಕ್ಕೆ ಸೋಲಿಸಿ ಕಪ್ ಶಾಶ್ವತವಾಗಿ ತಂದ್ರು, ಪ್ರಯಾಣದ ಸಾಲ ತೀರಿಸೋಕಾಗದೆ ಆ ಕಪ್ಪನ್ನೇ ಊರಿನ ಹೋಟೆಲ್ ನಡೆಸ್ತಿದ್ದ ಹೆಂಗಸಿನ ಹತ್ರ ಅಡ ಇಟ್ರು. ಇದನ್ನ ಯಾಕೆ ಹೇಳಿದೆ ಅಂದ್ರೆ ಈ ಭಾಗದ ಕ್ಲಬ್‌ಗಳಿಗೆ ಬಡತನ ಹೊಸದಲ್ಲ, ಅವರು ನಿಮ್ಮ ಹತ್ರ ಕರುಣೆ ಕೇಳ್ತಿಲ್ಲ, ಆಡೋಕೆ ಎದುರಾಳಿ ಕೇಳ್ತಿದ್ದಾರೆ.

ಈಗ ನನ್ನ ಕೋರಿಕೆಗಳು. ಎಲ್ಲಾ ರೀಪ್ಲೇ ವಾಪಸ್ ತನ್ನಿ ಅಂತ ಕೇಳೋಕೆ ನಾನೇನು ಹಠಮಾರಿ ಅಲ್ಲ, ಪ್ರೀಮಿಯರ್ ಲೀಗ್‌ನ ಎರಡು ತಂಡ ಆಡಿ ಡ್ರಾ ಆದ್ರೆ ಪೆನಾಲ್ಟಿನೇ ಒದೀಲಿ. ಆದ್ರೆ ಮೊದಲ ಮೂರು ಸುತ್ತಲ್ಲಿ ನಾನ್-ಲೀಗ್ ತಂಡವೊಂದು ಲೀಗ್ ತಂಡದ ಜೊತೆ ಡ್ರಾ ಮಾಡ್ಕೊಂಡ್ರೆ ರೀಪ್ಲೇ ಬೇಕಾ ಬೇಡ್ವಾ ಅಂತ ನಿರ್ಧರಿಸೋ ಅಧಿಕಾರ ಆ ನಾನ್-ಲೀಗ್ ಕ್ಲಬ್‌ಗೇ ಇರ್ಲಿ. ಬೇಡ ಅನ್ನೋ ಕ್ಲಬ್‌ಗಳೂ ಇರ್ತವೆ, ವಾರದ ಮಧ್ಯೆ ಕೆಲಸಕ್ಕೆ ರಜಾ ಹಾಕೋಕಾಗದ ಆಟಗಾರರು ಇರ್ತಾರೆ, ಅವರು ಪೆನಾಲ್ಟಿಗೇ ಹೋಗ್ಲಿ. ಇದನ್ನ ಆಗಲ್ಲ ಅಂತೀರಾದ್ರೆ, ದೊಡ್ಡವರ ಮೈದಾನದಲ್ಲಿ 90 ನಿಮಿಷ ಸೋಲದೆ ನಿಂತ ನಾನ್-ಲೀಗ್ ಕ್ಲಬ್‌ಗೆ, ಆಮೇಲೆ ಪೆನಾಲ್ಟಿಯಲ್ಲಿ ಗೆಲ್ಲಲಿ ಸೋಲಲಿ, ತಪ್ಪಿಹೋದ ಹೋಮ್ ಗೇಟ್‌ಗೆ ಸಮನಾದ ದುಡ್ಡು ಆ ಒಪ್ಪಂದದ ಹಣದಿಂದಲೇ ನೇರವಾಗಿ ಹೋಗ್ಬೇಕು, ಅರ್ಜಿ ಗಿರ್ಜಿ ಇಲ್ಲದೆ.

ಇನ್ನೊಂದು, ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್‌ನಲ್ಲಿ ಲೈವ್ ಫುಟ್ಬಾಲ್ ಟಿವಿಯಲ್ಲಿ ಹಾಕಬಾರದು ಅನ್ನೋ ನಿಯಮ, 1960ರ ದಶಕದಲ್ಲಿ ಬರ್ನ್ಲಿ ಕ್ಲಬ್‌ನ ಬಾಬ್ ಲಾರ್ಡ್ ಪಟ್ಟು ಹಿಡಿದು ತರಿಸಿದ್ದು, ಅದನ್ನೂ ತೆಗೀಬೇಕು ಅನ್ನೋ ಮಾತು ಆಗಾಗ ಎದ್ದೇಳ್ತಾ ಇರುತ್ತೆ. ಹೆರಿಟೇಜ್ ಪಾರ್ಕ್‌ಗೆ ಬರೋ ಆ ಕೆಲವು ನೂರು ಜನ ಅವತ್ತು ಬರ್ತಿರೋದರಲ್ಲಿ ಆ ನಿಯಮದ ಪಾಲೂ ಇದೆ. ಭಾರತದಲ್ಲಿ ಕೂತು ಆ ಹೊತ್ತಿನ ಮ್ಯಾಚನ್ನ ಟಿವಿಯಲ್ಲಿ ನೋಡೋ ನಮ್ಮ ಹುಡುಗರಿಗೆ ಇದು ತಮಾಷೆ ಅನ್ನಿಸಬಹುದು, ಇಲ್ಲಿರೋರಿಗೇ ಅದು ಕಾಣಲ್ಲ ಅಂತ. ಅದು ಹಾಗೇ ಇರ್ಲಿ. ಅದನ್ನ ಮುಟ್ಟೋ ಮುಂಚೆ ನಾರ್ದರ್ನ್ ಪ್ರೀಮಿಯರ್ ಲೀಗ್, ನಾರ್ದರ್ನ್ ಲೀಗ್‌ನಂಥ ಕಡೆ ಆಡೋ ಪ್ರತಿ ಕ್ಲಬ್‌ಗೂ ಲಿಖಿತವಾಗಿ ಅಭಿಪ್ರಾಯ ಕೇಳಿ, ಬಂದ ಉತ್ತರಗಳನ್ನ ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸಿ. 2024ರಲ್ಲಿ ರೀಪ್ಲೇ ವಿಷಯಕ್ಕೆ ಯಾವ್ಯಾವ ನಾನ್-ಲೀಗ್ ಕ್ಲಬ್ ಜೊತೆ ಮಾತಾಡಿದ್ರಿ, ಅವರು ಏನಂದ್ರು, ಅದನ್ನೂ ಈಗಲಾದ್ರೂ ತಿಳಿಸಿ.

ಮುಂದಿನ ಸೀಸನ್ನಿನ ಕಪ್ ನಿಯಮಾವಳಿ ನೀವು ಬೇಸಿಗೆಯಲ್ಲಿ ಫೈನಲ್ ಮಾಡ್ತೀರ. ಅಷ್ಟರೊಳಗೆ ಈ ಪತ್ರಕ್ಕೆ ಉತ್ತರ ಬಂದ್ರೆ ಸಂತೋಷ, ಇಲ್ಲಾಂದ್ರೆ ಇದರ ಪ್ರತಿಯನ್ನ ನಮ್ಮ ಕ್ಷೇತ್ರದ ಸಂಸದರಿಗೂ ಕಳಿಸ್ತೀನಿ, ಸುತ್ತಲಿನ ಕ್ಲಬ್‌ಗಳ ಅಭಿಮಾನಿ ಸಂಘಗಳಿಂದ ಸಹಿ ಹಾಕಿಸಿ ಮತ್ತೆ ಬರೀತೀನಿ. ಉತ್ತರ ಇಂಗ್ಲಿಷ್‌ನಲ್ಲೇ ಬಂದ್ರೂ ಪರವಾಗಿಲ್ಲ, ಇಲ್ಲಿ ಓದ್ತಿರೋರಿಗೆ ನಾನೇ ಕನ್ನಡ ಮಾಡಿ ಹಾಕ್ತೀನಿ.

ಇಂತಿ ತಮ್ಮ ವಿಶ್ವಾಸಿ,
ಕೌಂಟಿ ಡರ್ಹಮ್‌ನಲ್ಲಿರೋ ಒಬ್ಬ ಕನ್ನಡಿಗ, ಟೂ ಬ್ಲೂಸ್ ಅಭಿಮಾನಿ